ಸುಣ್ಣ ಬಳಿದ ಹೊಳೆ

ಮೊನ್ನೆ ಚಿಕ್ಕೋಡಿಯ ಸಭಾಭವನದೊಳಗೆ ಕಾಲಿಟ್ಟ ಕೂಡಲೇ ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆಲ್ಲ ಮಲ್ಲೇಶಿ ಬರೆದ ಚಿತ್ರಗಳು. ಹತ್ತಕ್ಕೆ ಉದ್ಘಾಟನೆ ಎಂದರೆ ಒಂಬತ್ತೂವರೆಗೇ ಹಾಜರಾಗುವ ಜಾತಿ ನನ್ನದು; ಅಂದು ಮಾತ್ರ ಬೇಕೆಂದೇ ಹನ್ನೆರಡಕ್ಕೆ ಹೋದೆ. ಅವನ ಕಣ್ಣಿಗೆ ಬೀಳದೆ ನೋಡಿ ಬಂದುಬಿಡುವ ಹವಣಿಕೆ. ಕಾರಣ ಕೇಳಿ.

ನಾನು ಜುಗೂಳದಲ್ಲಿ ಹೆಡ್‌ಮಾಸ್ತರನಾಗಿದ್ದಾಗ ಮಲ್ಲೇಶಿ ಕಾರಹುಣ್ಣಿಮೆಗೆ ಎತ್ತಿನ ಕೋಡುಗಳಿಗೆ ಬಣ್ಣ ಹಚ್ಚುತ್ತಿದ್ದ. ಯಾರೂ ಕಲಿಸಿದ ವಿದ್ಯೆಯಲ್ಲ. ಕೋಡಿನಿಂದ ಅವನ ಕುಂಚ ಚಕ್ಕಡಿಗೆ ಇಳಿಯಿತು, ಚಕ್ಕಡಿಯಿಂದ ಕಬ್ಬಿನ ಟ್ರೇಲರಿನ ಹಿಂಬದಿಗೆ ಹತ್ತಿತು. ಜನ ಹುಲಿ ಬರೆ, ನವಿಲು ಬರೆ ಎನ್ನುತ್ತಿದ್ದರು. ಇವನು ಹೊಳೆದಂಡೆ ಬರೆದು ಬೈಸಿಕೊಳ್ಳುತ್ತಿದ್ದ. “ಹೊಳಿ ಊರಾಗ ಐತೆಲ್ಲೋ, ಟ್ರೇಲರ್ ಮ್ಯಾಲ್ಯಾಕ?” ಎಂದು ಒಬ್ಬ ಮಾಲೀಕ ಕೇಳಿದ್ದು ಊರಿಗೆಲ್ಲ ನಗೆಯಾಗಿತ್ತು. ಒಂದು ಬೇಸಿಗೆ ರಜೆಯಲ್ಲಿ, ನನ್ನ ಒಪ್ಪಿಗೆ ಪಡೆದೇ, ಹದಿನೈದು ದಿನ ಕೂತು ನಮ್ಮ ಶಾಲೆಯ ಹೊರಗೋಡೆಯ ಮೇಲೆ ಊರ ಹೊಳೆ ಕೃಷ್ಣೆಯನ್ನು ಬರೆದ.

ಆಮೇಲೆ ಸಾಹೇಬರ ತಪಾಸಣೆ ಬಂತು. ತಪಾಸಣೆಗೆ ಮೊದಲು ಎಲ್ಲ ಗೋಡೆಗೂ ಸುಣ್ಣ, ಅದು ನನ್ನ ನಿಯಮ. “ಎಲ್ಲಾ ಗ್ವಾಡಿ” ಎಂದು ಆಳಿಗೆ ಹೇಳಿ ಒಳಗೆ ಹಾಜರಿ ಪುಸ್ತಕ ತಿದ್ದುತ್ತ ಕೂತೆ. ಹೊರಗೆ ಬಂದಾಗ ಚಿತ್ರದ ಮೇಲೂ ಸುಣ್ಣ ಬಿದ್ದಿತ್ತು. ಮಲ್ಲೇಶಿ ಅದರೆದುರು ಅಲುಗದೆ ನಿಂತಿದ್ದ. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಹೋಗಿ ಗಂಟೆ ಹೊಡೆಸಿದೆ. ತಾಸು ಬಿಟ್ಟು ನೋಡಿದರೆ ಅವನಿರಲಿಲ್ಲ. ತಿಂಗಳೊಳಗೆ ನನಗೆ ರಾಯಬಾಗಕ್ಕೆ ವರ್ಗವಾಯಿತು. ಮುಂದೆ ಪತ್ರಿಕೆಯಲ್ಲಿ ಅವನ ಹೆಸರು ಕಂಡಾಗಲೆಲ್ಲ ಆ ಹೇಳದ ಮಾತು ಚುಚ್ಚುತ್ತಿತ್ತು.

“ಗುರುಗಳ, ಕದ್ದು ಹೊಂಟೀರೇನ?”

ಮೊನ್ನೆ ಸಭಾಭವನದಲ್ಲಿ ನನ್ನ ಹಿಂದೆ ಅವನೇ ನಿಂತಿದ್ದ, ತಲೆಯೆಲ್ಲ ನೆರೆತು. ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಗೋಡೆಯ ಸಂಗತಿ ಎತ್ತಿ, ತಪ್ಪಾಯಿತಪ್ಪ ಎಂದೆ.

ಮಲ್ಲೇಶಿ ನಕ್ಕ. “ಅವತ್ತ ನಾ ಸಿಟ್ಟಾಗಿ ನಿಂತಿದ್ದಿಲ್ರಿ. ಹಸಿ ಸುಣ್ಣದಾಗ ನನ್ನ ಹೊಳಿ ಕಾಣತಿತ್ತು, ಥಂಡ್ಯಾಗ ಮಂಜು ಮುಸುಕಿದಂಗ. ಸುಣ್ಣ ಒಣಗಿ ಅದು ಮಾಯ ಆಗೂತನಕ ನೋಡಿದೆ. ನನಗ ಹದಿನೈದು ದಿನ ಬಡಕೊಂಡ್ರೂ ಬರದ ಮಂಜು ನಿಮ್ಮ ಆಳು ಒಂದ ಕೈಯಾಗ ತಂದಿದ್ದ. ಅವತ್ತಿಂದ ಅದರ ಬೆನ್ನ ಹತ್ತೇನಿ.”

ಸುತ್ತ ನೋಡಿದೆ. ಪ್ರತಿ ಚಿತ್ರದಲ್ಲೂ ಹೊಳೆಯ ಮೇಲೆ ಮಂಜು. ಅಲ್ಲೇ ಇದ್ದ ಕುರ್ಚಿ ಎಳೆದುಕೊಂಡು ಕೂತೆ.

ಕೊನೆಯ ಚಿತ್ರ ತೋರಿಸಿ ಅವನು ಕೇಳಿದ: “ಇದರಾಗ ಬಂದೈತೇನ್ರಿ, ಅವತ್ತಿನ ಮಂಜು? ನೋಡಿದವರು ನಾವಿಬ್ರ.”

ನಾನು ಅಂದು ನೋಡಿದ್ದು ಬರೀ ಬಿಳಿ ಗೋಡೆ. ಹಾಗೆಂದೇ ಹೇಳಿದೆ.

“ಹಂಗಾರ ಈಗ ನೋಡ್ರಿ” ಎಂದು ನನ್ನನ್ನು ಕುರ್ಚಿ ಸಮೇತ ಅತ್ತ ತಿರುಗಿಸಿದ.

ನೋಡುತ್ತ ಕೂತೆ. ಬಹಳ ಹೊತ್ತಿನ ಮೇಲೆ, ಮಂಜಿನಾಚೆ ಒಂದು ದೋಣಿ ಕಂಡಿತು.