ಹಾರ ಹಾಕುವ ಮುಂಚೆ

ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ನೋಡುವುದು, ಆಮೇಲೆ ಕೈ ಬದಲಿಸಿ ಬಲಗಣ್ಣು ಮುಚ್ಚಿಕೊಂಡು ನೋಡುವುದು. ಕೈಯಲ್ಲೊಂದು ಫೋಟೋ ಹಿಡಿದು ಸ್ಟುಡಿಯೋ ಮೆಟ್ಟಿಲ ಮೇಲೆ ಹೀಗೆ ನಿಂತಿರುತ್ತಿದ್ದ ಬಾಗಿದ ಬೆನ್ನಿನ ಆ ಉದ್ದನೆಯ, ಕಪ್ಪನೆಯ ಮನುಷ್ಯನನ್ನು ಕಂಡು ಚನ್ನಗಿರಿ ಬಸ್‌ಸ್ಟ್ಯಾಂಡಿಗೆ ಹೋಗುವವರು ನಗುತ್ತಿದ್ದರು. ಬೀದಿಯವರಿಗೆಲ್ಲ ಅವರು ಸ್ಟುಡಿಯೋ ಮಾಮ. ನಾನು ಎದುರುಮನೆಯವಳು, ಸಾಲದ್ದಕ್ಕೆ ಶಾಲೆಯ ಟೀಚರು; ಸುಮ್ಮನಿರುವ ಬಾಯಿ ನನ್ನದಲ್ಲ. ಯಾರಿಗೆ ಕಣ್ಣು ಹೊಡೀತಿದೀರಿ ಮಾಮ ಎಂದು ಛೇಡಿಸುತ್ತಿದ್ದೆ. ಅವರು ಮಾತ್ರ ನಗುತ್ತಿರಲಿಲ್ಲ.

ಅವರ ಕೆಲಸ ತೀರಿಹೋದವರ ಫೋಟೋ ಮಾಡುವುದು. ಮೊಬೈಲಿನಲ್ಲಿ ತೆಗೆದ ಮಸುಕು ಚಿತ್ರವೋ, ಮದುವೆ ಗುಂಪಿನ ಹಿಂದೆ ನಿಂತ ಮುಖವೋ ತಂದುಕೊಟ್ಟರೆ ಕಂಪ್ಯೂಟರಿನಲ್ಲಿ ಬಣ್ಣ ತೆಗೆದು, ದೊಡ್ಡದು ಮಾಡಿ, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಕೊಡುವರು. ಕಪ್ಪು ಬಿಳುಪೆಂದರೆ ಸುಲಭ ಅಂದುಕೊಂಡಿದ್ದೆ. ಅಲ್ಲವಂತೆ. ಪ್ರಿಂಟರು ನೀಲಿ, ಕೆಂಪು, ಹಳದಿ ಶಾಯಿಗಳನ್ನೆಲ್ಲ ಬೆರೆಸಿ ಬೂದು ಬಣ್ಣ ಮಾಡುತ್ತದಂತೆ. ಚೂರು ಹೆಚ್ಚುಕಮ್ಮಿಯಾದರೆ ಮುಖ ಹಸಿರಾಗುತ್ತದೆ, ಇಲ್ಲವೇ ನೀಲಿ. ಅದಕ್ಕೇ ಅವರು ಮೊದಲು ಒಂದು ಸಣ್ಣ ಪಟ್ಟಿ ಪ್ರಿಂಟ್ ಮಾಡಿ, ಟ್ಯೂಬ್‌ಲೈಟ್ ಕೆಳಗೆ ನೋಡಿ, ಮೆಟ್ಟಿಲಿಗೆ ಬಂದು ಹಗಲ ಬೆಳಕಿನಲ್ಲಿ ನೋಡಿ, ಮತ್ತೆ ಒಳಗೆ ಓಡುತ್ತಿದ್ದರು. ತಲೆಗೂದಲು ಕಪ್ಪು ಮುದ್ದೆಯಾಗಬಾರದು, ಬಿಳಿ ಪಂಚೆಯ ನಿರಿಗೆ ಕಾಣಬೇಕು. ಯಾರಾದರೂ ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದರೆ ಸಿಟ್ಟು ಬರುವುದು. "ಬೆಳ್ಳಗೆ ಮಾಡಾಕೆ ಬರ್ತೈತ್ರೀ. ಆದ್ರೆ ಅದು ನಿಮ್ಮಪ್ಪ ಆಗಲ್ಲ," ಅನ್ನುವರು.

ಕಣ್ಣು ಮುಚ್ಚಿ ನೋಡುವ ಚಾಳಿ ಶುರುವಾದದ್ದು ಬಲಗಣ್ಣಿನ ಪೊರೆ ತೆಗೆಸಿಕೊಂಡ ಮೇಲೆ. ಕಣ್ಣಿನ ಪಟ್ಟಿ ಬಿಚ್ಚಿದ ಸ್ವಲ್ಪ ದಿನಕ್ಕೆ ನಮ್ಮ ಮನೆಗೆ ಬಂದರು. ಹಜಾರದಲ್ಲಿ ಅವರೇ ಮಾಡಿಕೊಟ್ಟ ನನ್ನಮ್ಮನ ಫೋಟೋ ಇತ್ತು. ಅದರ ಮುಂದೆ ನಿಂತು ಒಂದು ಕಣ್ಣು ಮುಚ್ಚಿದರು, ಇನ್ನೊಂದು ಮುಚ್ಚಿದರು, ಅಲ್ಲೇ ಕುರ್ಚಿಗೆ ಕುಸಿದರು. ಪೊರೆ ಬಂದ ಕಣ್ಣಿಗೆ ಎಲ್ಲವೂ ಚಹಾ ಚೆಲ್ಲಿದ ಹಾಗೆ ಹಳದಿಯಾಗಿ ಕಾಣುತ್ತಿತ್ತಂತೆ. ಅದು ತಿಳಿಯದೆ, ಹಳದಿ ಹೋಗಲಿ ಎಂದು ಪ್ರತಿ ಫೋಟೋಕ್ಕೂ ನೀಲಿ ಸೇರಿಸುತ್ತಾ ಬಂದಿದ್ದರು. "ಟೀಚರ್, ನಿಮ್ಮವ್ವನ್ನ ನೀಲಿ ಮಾಡಿಬಿಟ್ಟೀನಿ. ಇನ್ನು ಎಷ್ಟು ಮನ್ಯಾಗೆ ಹಿಂಗೆ ಮಾಡೀನೋ," ಎಂದರು.

ನನಗೇನೂ ಕಂಡಿರಲಿಲ್ಲ. ಆದರೆ ಅವರು ಹೊಸದು ಮಾಡಿ ತಂದು ಹಳೆಯದರ ಪಕ್ಕ ಹಿಡಿದಾಗ ಕಂಡಿತು. ಹಳೆಯದರಲ್ಲಿ ಅಮ್ಮ ಚಳಿ ಹಿಡಿದವಳಂತಿದ್ದಳು. ಹೊಸದರಲ್ಲಿ ಅವಳ ಕೆನ್ನೆ ಬೆಚ್ಚಗಿತ್ತು. ಅತ್ತುಬಿಟ್ಟೆ.

ಅಲ್ಲಿಂದ ಅವರಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಹೊಸ ಪ್ರಿಂಟ್ ಹಿಡಿದು ಭಾನುವಾರಗಳಲ್ಲಿ ನನ್ನ ಸ್ಕೂಟರಿನ ಹಿಂದೆ ಕೂತು ನಲ್ಲೂರು, ಉಬ್ರಾಣಿ ಎಂದು ಮನೆ ಹುಡುಕುವುದೇ ಆಯಿತು. ಮನೆಯವರು ಬೈದರೆ ಬೈಸಿಕೊಳ್ಳಬಹುದು, ಬೇಡವೆಂದರೆ ಏನು ಮಾಡುವುದು ಎಂದು ದಾರಿಯುದ್ದಕ್ಕೂ ದಿಗಿಲು. ಕೆಲವರು ಬದಲಿಸಿಕೊಂಡರು. ಸಂತೇಬೆನ್ನೂರಿನ ಅಜ್ಜಿಯೊಬ್ಬರು ಗಂಡನ ಫೋಟೋ ಮುಟ್ಟಲೂ ಬಿಡಲಿಲ್ಲ. ದಿನವೂ ಇಟ್ಟ ಕುಂಕುಮ ಗಾಜಿನ ಮೇಲೆ ಗಟ್ಟಿಯಾಗಿತ್ತು. "ಹಾರ ಹಾಕಿದ ಮ್ಯಾಲೆ ಇಳಿಸಾಕೆ ಬರಲ್ಲಪ್ಪ. ಅವರನ್ನ ಇನ್ನೊಂದು ಸಲ ಮನಿಯಿಂದ ಹೊರಗೆ ಕಳಿಸಿದಂಗೆ ಆಗ್ತೈತೆ," ಎಂದರು. ಮಾಮ ಹೊಸ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡೇ ಹಿಂದಿರುಗಿದರು. ಊರು ಸಮೀಪಿಸಿದಾಗ ಹೇಳಿದರು: "ತಪ್ಪು ಅನ್ನೋದು ಹಾರಕ್ಕಿಂತ ಮುಂಚೆ ಸಿಗಬೇಕು ಟೀಚರ್. ಆಮೇಲೆ ಅದೇ ಅವರ ಮುಖ ಆಗಿಬಿಡ್ತೈತೆ."

ಆಮೇಲೆ ಯಾವ ಪಟ್ಟಿಯನ್ನೂ ಅವರು ಒಬ್ಬರೇ ನೋಡಿ ನಂಬಲಿಲ್ಲ. ಒಲೆ ಮೇಲೆ ಅನ್ನಕ್ಕಿಟ್ಟು ಬಂದಿದ್ದೇನೆ ಮಾರಾಯರೇ ಎಂದು ನಾನು ಗೊಣಗಿದರೂ ಬಿಡದೆ ನನ್ನನ್ನು ಕರೆಯುವರು. ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಳ್ಳಿ ಅಂದರೆ, ಹೋಲಿಸಿ ನೋಡಲು ತಪ್ಪು ಕಣ್ಣೂ ಒಂದಿರಲಿ ಎನ್ನುವರು. ಸೂಜಿಗೆ ಹೆದರಿ ಆಡುವ ಮಾತು ಎಂದು ನಾನು ಕಿಚಾಯಿಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಸ್ಟುಡಿಯೋ ಬಾಗಿಲು ತೆಗೆಯಲು ಮನಸ್ಸಾಗದೆ ಮಗಳು ಬೇರೆ ಊರಿನಲ್ಲಿ ಅವಸರಕ್ಕೆ ಅವರ ಫೋಟೋ ಮಾಡಿಸಿ ತಂದಿದ್ದಳು. ತಿಥಿಯ ಬೆಳಿಗ್ಗೆ ಅದನ್ನು ಗೋಡೆಗೆ ಒರಗಿಸಿದ್ದರು. ನೋಡಿದೆ. ಮಾಮ ಹಸಿರಾಗಿದ್ದರು. ಸಾವಿನ ಮನೆಯಲ್ಲಿ ಇದನ್ನೆಲ್ಲ ಆಡುವುದು ಹೇಗೆ? ಎಂದೂ ಸುಮ್ಮನಿರದ ನನ್ನ ಬಾಯಿ ಆಗ ಕಟ್ಟಿಹೋಯಿತು. ಅಳಿಯ ಹಾರ ಹಿಡಿದು ಬಗ್ಗಿದ.

"ನಿಲ್ರೀ, ಹಾಕಬೇಡ್ರಿ," ಅಂದೆ.

ನೆಂಟರು ಮುಖ ಮುಖ ನೋಡಿಕೊಂಡರು. ಹೊತ್ತು ಮೀರುತ್ತದೆ ಎಂದು ಯಾರೋ ಗದರಿದರು. ಮಗಳು ಮಾತ್ರ ಫೋಟೋವನ್ನು ಬಾಗಿಲಿಗೆ ಒಯ್ದು ನೋಡಿದಳು, ಸೀದಾ ಹೋಗಿ ಸ್ಟುಡಿಯೋ ಬೀಗ ತೆಗೆದಳು. ಅಪ್ಪನ ಪ್ರಿಂಟರು ಓಡಿಸಲು ಅವಳಿಗೆ ಬರುತ್ತಿತ್ತು, ಆದರೆ ಕಣ್ತುಂಬ ನೀರು. "ನೀವು ನೋಡಿ ಹೇಳ್ರಿ ಟೀಚರ್," ಎಂದು ಪಟ್ಟಿಯನ್ನು ನನ್ನ ಕೈಗಿಟ್ಟಳು. ಮೊದಲನೆಯದು ಇನ್ನೂ ಹಸಿರು, ಮುಂದಿನದು ಕೆಂಪು. ಅಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಇಲ್ಲಿ ನನ್ನ ಕಣ್ಣು ತಪ್ಪಿದರೆ ಈ ಮನುಷ್ಯ ಎಂದೆಂದಿಗೂ ಹಾಗೇ ಗೋಡೆಯ ಮೇಲಿರುತ್ತಾರೆ.

ಇನ್ನೊಂದು ಪಟ್ಟಿ ಬಂತು. ಅದನ್ನು ಹಿಡಿದು ಅವರ ಮೆಟ್ಟಿಲ ಮೇಲೆ ನಿಂತೆ. ಅಂಗೈಯಿಂದ ಒಂದು ಕಣ್ಣು ಮುಚ್ಚಿದೆ, ಆಮೇಲೆ ಇನ್ನೊಂದು. ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ ಯಾರೋ ನಕ್ಕರು. ಎರಡು ಕಣ್ಣಿಗೂ ಮಾಮ ಒಂದೇ ಥರ ಕಂಡರು. ಅದೇ ಕಪ್ಪು ಮೈಬಣ್ಣ, ಏನು ತಪ್ಪಾಗಿದೆಯೋ ಎಂಬ ಅದೇ ದಿಗಿಲಿನ ಮುಖ. ಇದನ್ನೇ ದೊಡ್ಡದು ಮಾಡಮ್ಮ, ಹಾರ ಹಾಕಲಿ ಎಂದೆ.