ಹೊರಗೆ ಇರುವ ದಿನಗಳು

ನಮ್ಮ ಸಂಸ್ಥೆಯ ಕಚೇರಿ ಸಿಂಧನೂರಿನಲ್ಲಿ, ಅಕ್ಕಿ ಗಿರಣಿಯೊಂದರ ಪಕ್ಕದ ಕಟ್ಟಡದ ಮಹಡಿ ಮೇಲಿತ್ತು. ಹಳ್ಳಿಗಳಲ್ಲಿ ಮಹಿಳಾ ಸಂಘ ಕಟ್ಟುವುದು, ಹೊಲಿಗೆ ಕಲಿಸುವುದು ನಮ್ಮ ಕೆಲಸ. ನಾನು ಸೇರಿದಾಗ ನಾಲ್ಕೇ ಜನರಿದ್ದೆವು. ಐದನೆಯವಳಾಗಿ, ನನ್ನದೇ ಹುದ್ದೆಗೆ, ಅವಳು ನನಗಿಂತ ಎರಡು ವರ್ಷ ತಡವಾಗಿ ಬಂದಳು, ಬಂದ ವರ್ಷವೇ ಬೆಂಗಳೂರಿನ ಕಂಪನಿಯೊಂದರ ಅನುದಾನ ತಂದಳು. ನಾನು ಬರೆದ ಪ್ರಸ್ತಾವನೆಗಳು ಎರಡು ಸಲ ತಿರಸ್ಕೃತವಾಗಿದ್ದವು. ಅವುಗಳಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

ಅನುದಾನದಿಂದ ಮಸ್ಕಿಯಲ್ಲಿ ಹೊಸ ಕಚೇರಿ ತೆರೆಯುವ ಮಾತಾಯಿತು. ಅದಕ್ಕೊಬ್ಬ ಸಂಯೋಜಕಿ ಬೇಕಿತ್ತು. ಆ ಕೆಲಸ ನನಗೆ ಬೇಕೆಂದು ನಾನು ಯಾರಿಗೂ ಹೇಳಿರಲಿಲ್ಲ. ಹಳ್ಳಿಯ ಹೆಂಗಸರು ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಾನು ಅವರಿಗೆ ‘ಬರಕೊಳ್ಳೋ ಮೇಡಮ್’ ಆಗಿದ್ದೆ.

ಸಂಘ ಸೇರಿದ ಮೇಲೆ ಹೆಂಗಸರು ಮನೆ ಬಿಟ್ಟು ಎಷ್ಟು ಓಡಾಡುತ್ತಾರೆ ಎಂದು ಕಂಪನಿಯವರು ತಿಳಿಯಬಯಸಿದರು. ಅವರ ಇಂಗ್ಲಿಷ್ ಫಾರ್ಮನ್ನು ಅವಳೇ ಕನ್ನಡಕ್ಕೆ ತಂದಳು. ಸಂಘದ ಹುಡುಗಿಯರು ಪಾಮನಕಲ್ಲೂರಿನಲ್ಲಿ ಮನೆಮನೆಗೆ ಹೋಗಿ ತುಂಬಿಸಿಕೊಂಡು ಬಂದರು. ಒಟ್ಟು ಹಾಕುವ ಕೆಲಸ ನನ್ನ ಪಾಲಿಗೆ ಬಂತು.

‘ತಿಂಗಳಲ್ಲಿ ಎಷ್ಟು ದಿನ ಹೊರಗೆ ಇರುತ್ತೀರಿ?’ ಎಂಬ ಪ್ರಶ್ನೆಗೆ ಉತ್ತರ ಮೂರು, ಮೂರು, ನಾಲ್ಕು, ಮತ್ತೆ ಮೂರು. ಐವತ್ತು ದಾಟಿದವರದೆಲ್ಲ ಸೊನ್ನೆ. ಹತ್ತನೆಯ ಫಾರ್ಮಿಗೆ ನನಗೆ ಅರ್ಥವಾಯಿತು. ಅವರು ಹೇಳಿದ್ದು ಮುಟ್ಟಿನ ದಿನಗಳನ್ನು. ನಮ್ಮ ಮನೆಯಲ್ಲೂ ಅದಕ್ಕೆ ಹೊರಗೆ ಇರುವುದು ಎಂದೇ ಹೆಸರು. ಎಂ.ಎ. ಮುಗಿಸಿದ ಮೇಲೂ ಆ ಮೂರು ದಿನ ನನ್ನ ಚಾಪೆ ಬೇರೆ, ತಟ್ಟೆ ಬೇರೆ.

ಅವಳಿಗೆ ಇದು ಯಾಕೆ ಹೊಳೆಯಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಲಿಂಗಸುಗೂರಿನ ಅವಳ ಮನೆಯವರು ಬೌದ್ಧರು. ಅಜ್ಜಿಯ ಕಾಲಕ್ಕೇ ಆ ಪದ್ಧತಿ ಬಿಟ್ಟಿದ್ದರು. ಒಮ್ಮೆ ನಾನು ಅಲ್ಲಿಗೆ ಹೋದಾಗ, ಅವಳಿಗೆ ಅಂಥದೇ ದಿನ, ಹೊಟ್ಟೆ ಒತ್ತಿಕೊಂಡು ಒಲೆಯ ಮುಂದೆ ನಿಂತು ಚಹಾ ಮಾಡಿದ್ದಳು. ಅವಳ ತಾಯಿ ಅವಳ ಕೈಯಿಂದಲೇ ಲೋಟ ತೆಗೆದುಕೊಂಡು ಕುಡಿದರು. ಅನುದಾನಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ನನಗೆ ಅದನ್ನು ನೋಡಿ ಆಗಿತ್ತು.

ನಾನು ಅವಳಿಗೆ ಹೇಳಲಿಲ್ಲ. ಅಂಕಿಗಳನ್ನು ಅಚ್ಚುಕಟ್ಟಾಗಿ ಕೂಡಿಸಿ ಕೊಟ್ಟೆ. ಎಳೆಯರು ಹೊರಗೆ ಬರುತ್ತಿದ್ದಾರೆ, ಹಿರಿಯ ಹೆಂಗಸರು ಇನ್ನೂ ಮನೆಯೊಳಗೇ ಇದ್ದಾರೆ ಎಂದು ಅವಳು ವರದಿ ಬರೆದಳು. ನಿರ್ದೇಶಕರು ಹೊಗಳಿದರು. ಕಂಪನಿಯವರು ಹಳ್ಳಿಗೇ ಬಂದು ಹೆಂಗಸರನ್ನು ಮಾತಾಡಿಸುವ ದಿನಕ್ಕಾಗಿ ನಾನು ಕಾದೆ.

ಬಂದ ಹೆಂಗಸು ಬೆಂಗಳೂರಿನವರು. ಪಾಮನಕಲ್ಲೂರಿನ ಸಂಘದಲ್ಲಿ ಜಮಖಾನೆಯ ಮೇಲೆ ಕೂತು, ಎದುರಿದ್ದ ಮುದುಕಿಯನ್ನೇ ಕೇಳಿದರು, “ಅಜ್ಜಿ, ನಿಮ್ಮನ್ನ ಮನೇಲಿ ಹೊರಗೆ ಕಳಿಸೋದೇ ಇಲ್ವಾ?”

“ಯಾಂವ ತಡೀತಾನ ನನ್ನ? ವಾರಕ್ಕೊಮ್ಮೆ ಮಸ್ಕಿ ಸಂತಿಗೆ ಹೋಗಾಕಿ ನಾ.”

“ಮತ್ತೆ ಸೊನ್ನೆ ಅಂತ ಬರೆಸಿದ್ದೀರಲ್ಲ?”

“ಆ ಹುಡುಗಿ ಹೊರಗ ಎಷ್ಟ್ ದಿನ ಇರ್ತಿ ಅಂತ ಕೇಳಿದ್ಲು. ನನಗ ಅದು ನಿಂತು ಮೊಮ್ಮಗಳ ಮದುವಿನೂ ಆತು ಬೇ!”

ಹಿಂದೆ ಕೂತವಳೊಬ್ಬಳು ಕೂಗಿದಳು, “ಮುದುಕಿನ್ನ ಈ ವಯಸ್ಸಿನ್ಯಾಗ ಮತ್ತ ಹೊರಗ ಕುಂದ್ರಿಸಬ್ಯಾಡ್ರೀ ಮೇಡಮ್ರೀ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ವರದಿ ಬರೆದವಳ ಮುಖವನ್ನೇ ನೋಡುತ್ತಿದ್ದೆ. ಅದು ಕೆಂಪಾಯಿತು. ನಾನು ಕಾದಿದ್ದು ಅದಕ್ಕೇ. ಆದರೆ ಮರುಗಳಿಗೆಯಲ್ಲೇ ಅವಳೂ ನಗುತ್ತ ಹೋಗಿ ಮುದುಕಿಯ ಪಕ್ಕ ಕೂತಳು.

“ತಪ್ಪು ನಂದ ಐತಿ ಆಯಿ. ನಮ್ಮನಿಯಾಗ ಹಂಗ ಅನ್ನಂಗಿಲ್ಲ.”

“ಮತ್ತೇನಂತೀರಿ?”

“ಏನೂ ಅನ್ನಂಗಿಲ್ಲ. ಯಾರೂ ಹೊರಗ ಕುಂದ್ರಂಗಿಲ್ಲ.”

ನಗು ನಿಂತಿತು. ಕಂಕುಳಲ್ಲಿ ಕೂಸು ಹಿಡಿದವಳೊಬ್ಬಳು ಮೆಲ್ಲಗೆ ಕೇಳಿದಳು, “ಅಂದ್ರ, ಒಲಿ ಮುಟ್ಟತೀರಿ?”

“ಮುಟ್ಟತೀನಿ.”

“ಏನೂ ಆಗಂಗಿಲ್ಲ?”

“ಚಾ ಭಾಳ ಸ್ಟ್ರಾಂಗ್ ಆಗ್ತದ, ಅಷ್ಟ.”

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಆ ದಿನಗಳಲ್ಲಿ ಸಂಘದ ಸಭೆಗೆ ಬರುವಂತಿಲ್ಲ. ಹೊಲಿಗೆ ಯಂತ್ರ ದೇವರ ಕೋಣೆಯ ಗೋಡೆಗೆ ಹತ್ತಿರವಿದೆ, ಅದನ್ನೂ ಮುಟ್ಟುವಂತಿಲ್ಲ. ಕಂಪನಿಯ ಹೆಂಗಸು ಬರೆದುಕೊಳ್ಳುತ್ತಲೇ ಇದ್ದರು. ಆ ಜಮಖಾನೆಯ ಮೇಲೆ ನಾನೂ ವರ್ಷಗಟ್ಟಲೆ ಕೂತಿದ್ದೆ. ಇದನ್ನು ಸಂಘದ ಹೆಂಗಸರು ನನಗೆ ಹೇಳಿರಲಿಲ್ಲ. ನಾನೂ ಅವರಿಗೆ ನನ್ನ ಚಾಪೆಯ ಮಾತು ಹೇಳಿರಲಿಲ್ಲ.

ಊರು ಬಿಡುವ ಮೊದಲೇ, ಇದೇ ವಿಷಯದ ಮೇಲೆ ಕೆಲಸ ಮಾಡಲು ಅನುದಾನ ಮುಂದುವರಿಸುವುದಾಗಿ ಆ ಹೆಂಗಸು ಹೇಳಿದರು. ಜೊತೆಗೆ ಬಂದಿದ್ದ ನಿರ್ದೇಶಕರು ಅಲ್ಲಿಯೇ ಮಸ್ಕಿಯ ಕೆಲಸಕ್ಕೆ ಅವಳ ಹೆಸರು ಹೇಳಿಬಿಟ್ಟರು. ನಾನು ಅವಳ ಕೈ ಕುಲುಕಿದೆ.

ಜೀಪಿನಲ್ಲಿ ಹಿಂದಿನ ಸೀಟಿನಲ್ಲಿ ನಾವಿಬ್ಬರೇ.

“ಫಾರ್ಮ್ ಎಲ್ಲಾ ನೀನ ನೋಡಿದ್ದಿ. ನಿನಗ ಗೊತ್ತಾಗಿದ್ದಿಲ್ಲೇನು?” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಇಲ್ಲ,” ಎಂದೆ.

ಅವಳು ನನ್ನ ಕಡೆ ತಿರುಗಿದಳು. “ನಿಮ್ಮನಿಯಾಗೂ ಹಂಗ ಅಂತಾರಲ್ಲ,” ಎಂದಳು. ಪ್ರಶ್ನೆಯಲ್ಲ, ಸುಮ್ಮನೆ ಹೇಳಿದ್ದು. ನಾನು ನಮ್ಮಿಬ್ಬರ ನಡುವೆ ಇದ್ದ ನನ್ನ ಬ್ಯಾಗಿನ ಜಿಪ್ ಎಳೆದೆ. ಅವಳು ಮತ್ತೆ ಕೆದಕಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಗ ನನಗಾದದ್ದು ಪಶ್ಚಾತ್ತಾಪವಲ್ಲ. ಆ ತಪ್ಪು ನನ್ನ ಕೈಯಿಂದ ಆಗಿದ್ದರೆ, ನಾನೂ ಹಾಗೆ ಹೋಗಿ ಆ ಮುದುಕಿಯ ಪಕ್ಕ ಕೂರುವಂತಾಗಿದ್ದರೆ ಎಂದು ಆಸೆಯಾಯಿತು. ಅಂಥ ತಪ್ಪು ಮಾಡಲು ಅವಳ ಮನೆಯಲ್ಲೇ ಹುಟ್ಟಬೇಕಿತ್ತು.

ಮಸ್ಕಿಯಲ್ಲಿ ಅವಳು ಲಿಂಗಸುಗೂರಿನ ಬಸ್ಸಿಗೆಂದು ಇಳಿದಳು. ನಾನು ಅವಳು ಕೂತಿದ್ದ ಜಾಗಕ್ಕೆ ಬ್ಯಾಗು ಸರಿಸಿ, ಸಿಂಧನೂರಿನವರೆಗೆ ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತು ಬಂದೆ.