ಸ್ಟೂಲಿನ ಮೇಲಿದ್ದ ಚಕ್ರ

ಮನೆಯ ಹಿರಿಯರು ದೆವ್ವದ ಕಥೆ ಶುರುಮಾಡಿದರೆ ಎದ್ದುಹೋಗುತ್ತಿದ್ದವನು ನಾನು. ಕಬ್ಬಿಣದ ಜೊತೆ ಕೆಲಸ ಮಾಡುವವನಿಗೆ ಇದೆಲ್ಲ ಯಾಕೆ ಅನ್ನುವ ಧಿಮಾಕು. ಈಗಲೂ ನಂಬುತ್ತೇನೆ ಅನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅರವತ್ತರ ದಶಕದ ಕೊನೆ. ಬೆಂಗಳೂರಿನ ಟಿನ್ ಫ್ಯಾಕ್ಟರಿ ಕಡೆ ಒಂದು ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ನಾನು ಫಿಟ್ಟರ್. ಬಾಯ್ಲರಿಗೆ ಸುಡುನೀರು ತಳ್ಳಲು ಎರಡು ಪಂಪು. ಒಂದು ಓಡುವಾಗ ಇನ್ನೊಂದರ ರಿಪೇರಿ. ತಳ್ಳಿದ ನೀರು ಹಿಂದಕ್ಕೆ ನುಗ್ಗದಂತೆ ಪ್ರತಿ ಪಂಪಿಗೂ ಒಂದು ಚೆಕ್ ವಾಲ್ವು. ಅದನ್ನು ಬಿಚ್ಚಿದರೆ ನಮಗೂ ಆ ನೀರಿಗೂ ನಡುವೆ ಉಳಿಯುವುದು ಮೇಲಿನ ಅಟ್ಟಣೆಯ ಗೇಟ್ ವಾಲ್ವು ಒಂದೇ.

ಕೆಲಸ ಕಲಿಸಿದವರು ಶಿವಾಜಿನಗರದ ದಸ್ತಗೀರ್ ಸಾಬರು. ಗೇಟ್ ವಾಲ್ವು ಮುಚ್ಚಿ, ಅದನ್ನು ತಿರುಗಿಸುವ ಚಕ್ರವನ್ನೇ ಕಳಚಿ ತಂದು ಪಂಪಿನ ಪಕ್ಕದ ಸ್ಟೂಲಿನ ಮೇಲಿಡಬೇಕು. ಚಕ್ರದ ನಟ್ಟು ಕಳೆಯದಂತೆ ವಾಲ್ವಿನ ದಂಡಕ್ಕೇ ಎರಡು ಸುತ್ತು ಹಾಕಿಡಬೇಕು. ಅದು ಅವರ ಪದ್ಧತಿ. "ನಿನ್ ಹೆಂಡ್ತಿ ಬಂದು ಕೇಳಿದ್ರೂ ಚಕ್ರ ಕೊಡಬೇಡ ಬೇಟಾ" ಅನ್ನೋರು.

ಒಂದು ಮಧ್ಯಾಹ್ನ ಚಕ್ರ ಕಳಚುವ ಕೆಲಸ ನನ್ನದಾಗಿತ್ತು. ಬಂದು ಮಾಡಿದರಾಯಿತು ಅಂತ ಟೀ ಕುಡಿಯಲು ಹೋದೆ. ಸಾಬರು ನನ್ನನ್ನು ನಂಬಿ ಚೆಕ್ ವಾಲ್ವು ಬಿಚ್ಚಿದ್ದರು. ಅಷ್ಟರಲ್ಲಿ ಪಾಳಿ ಬದಲಾಗಿ, ಮೇಲೆ ಬಂದ ಹೊಸಬ ಗೇಟ್ ವಾಲ್ವು ತೆರೆದ. ಮೈಯೆಲ್ಲ ಬೆಂದ ಸಾಬರು ಮೂರು ದಿನ ಆಸ್ಪತ್ರೆಯಲ್ಲಿ ನರಳಿ ತೀರಿಹೋದರು. ಚಕ್ರದ ವಿಷಯ ಅವರು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ವರ್ಷದ ಮೇಲೆ ಅದೇ ಪಂಪು. ಚೆಕ್ ವಾಲ್ವು ಸವೆದಿತ್ತು, ಹೊಸದು ಕೂರಿಸಬೇಕಿತ್ತು. ಹಿಂದಿನ ದಿನದಿಂದ ಮಗಳಿಗೆ ಜ್ವರ, ನನಗೆ ನಿದ್ದೆಯಿಲ್ಲ. ಹಳೆಯದನ್ನು ತೆಗೆದು, ಆ ಜಾಗಕ್ಕೆ ಮುಖವಿಟ್ಟು ಕೆರೆದು ಚೊಕ್ಕ ಮಾಡುತ್ತಿದ್ದೆ. ಪಾಳಿ ಬದಲಾಗುವ ಹೊತ್ತು. ಮೇಲಿಂದ ಆಪರೇಟರ್ ಮುನಿಸ್ವಾಮಿಯ ದನಿ:

"ಏನ್ ಗುರು, ಗೇಟ್ ವಾಲ್ವ್ ತೆರೆಯೋಣ ಅಂದ್ರೆ ಚಕ್ರಾನೇ ಇಲ್ಲ. ನಿನ್ನ ಹತ್ರ ಇದ್ಯಾ?"

ಆಗ ನೆನಪಾಯಿತು. ವಾಲ್ವು ಮುಚ್ಚಿ ಇಳಿದು ಬಂದಿದ್ದೆ, ಚಕ್ರ ಕಳಚಿರಲಿಲ್ಲ. ತಿರುಗಿ ನೋಡಿದರೆ ಚಕ್ರ ಸ್ಟೂಲಿನ ಮೇಲಿತ್ತು. ಮೇಲೆ ಹತ್ತಿ ನೋಡಿದೆ. ದಂಡದ ಮೇಲೆ ನಟ್ಟು, ಎರಡೇ ಸುತ್ತು.

ಎಲ್ಲರನ್ನೂ ಕೇಳಿದೆ. ಯಾರೂ ಮುಟ್ಟಿಲ್ಲ. ನಾನೇ ಕಳಚಿ ಮರೆತಿರಬಹುದು ಅಂದುಕೊಳ್ಳೋಣವೆಂದರೆ, ಆ ನಟ್ಟಿನ ಸ್ಪ್ಯಾನರು ಹಿಂದಿನ ದಿನ ಬೀಗ ಹಾಕಿ ಮತ್ತೆ ತೆರೆಯದ ನನ್ನ ಪೆಟ್ಟಿಗೆಯಲ್ಲೇ ಇತ್ತು.

ಇಂದಿಗೂ ನನಗೆ ತಿಳಿದಿಲ್ಲ. ಮಾತು ಬಂದಾಗ ಹೆಂಡತಿ, "ಸಾಬರಿಗೆ ನಿಮ್ಮ ಮೇಲೆ ಅಷ್ಟು ಪ್ರೀತಿ ಕಣ್ರೀ" ಅನ್ನುತ್ತಾಳೆ. ನಾನು ಟೀ ಕುಡಿಯಲು ಹೋದ ಸಂಗತಿ ಅವಳಿಗೆ ಗೊತ್ತಿಲ್ಲ.